ಗೋಪುರದ ಅರ್ಥಿಂಗ್: ಓಮ್ ಲೆಕ್ಕದ ಮಿತಿ

ಹವ್ಯಾಸಿ ರೇಡಿಯೋ ನಿಲಯದ ಆಂಟೆನಾ ಗೋಪುರಕ್ಕೆ ಅರ್ಥಿಂಗ್ ಮಾಡುವುದೆಂದರೆ ಗುಂಡಿ ತೋಡಿ, ಇದ್ದಿಲು-ಉಪ್ಪನ್ನು ಪದರಪದರವಾಗಿ ತುಂಬಿ, ನಡುವೆ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪು ನಿಲ್ಲಿಸಿ, ಮೀಟರಿನಲ್ಲಿ ಕೆಲವೇ ಓಮ್‌ಗಳ ರೋಧ ಕಂಡೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ಎಂಬ ರೂಢಿ ಕರ್ನಾಟಕದಲ್ಲಿಯೂ ಇದೆ. ಮನೆಯ ವೈರಿಂಗಿಗೆ ಒದಗುವ ಈ ಅಳತೆಗೋಲನ್ನೇ ಸಿಡಿಲಿಗೂ ಹಚ್ಚುವುದು ಅಪಾಯಕಾರಿ.

ಸಿಡಿಲಿನ ಮೊದಲ ಹೊಡೆತದ ಗರಿಷ್ಠ ಪ್ರವಾಹ ಸಾಮಾನ್ಯವಾಗಿ 30,000 ಆಂಪಿಯರ್‌ಗಳ ಆಸುಪಾಸಿನಲ್ಲಿರುತ್ತದೆ. ಮೀಟರು 5 ಓಮ್ ತೋರಿಸುವ ‘ಒಳ್ಳೆಯ’ ಅರ್ಥ್‌ನಲ್ಲಿಯೂ ಅಷ್ಟು ಪ್ರವಾಹ ಹರಿದರೆ ಗೋಪುರದ ಬುಡದ ವಿಭವ (ಪೊಟೆನ್ಷಿಯಲ್) ದೂರದ ನೆಲಕ್ಕಿಂತ 1,50,000 ವೋಲ್ಟ್‌ಗಳಷ್ಟು ಮೇಲೇರುತ್ತದೆ. ಮನೆಯ ಅರ್ಥ್ ಅದರಿಂದ ಬೇರೆಯಾಗಿದ್ದರೆ, ಈ ವ್ಯತ್ಯಾಸದಿಂದಾಗಿ ಪ್ರವಾಹವು ಆಂಟೆನಾದಿಂದ ಬರುವ ಕೋಆಕ್ಸಿಯಲ್ ಕೇಬಲಿನ ಹೊರಕವಚದ ಮೂಲಕ ರೇಡಿಯೋ ಸೆಟ್ಟನ್ನು ಹಾದು ಗೋಡೆಯ ಪ್ಲಗ್ಗಿನ ಅರ್ಥ್ ತಂತಿಯತ್ತ ನುಗ್ಗುತ್ತದೆ. ಆದ್ದರಿಂದ ಗೋಪುರದ ಅರ್ಥ್ ಮನೆಯದರೊಂದಿಗೆ ಬೆರೆಯಬಾರದೆಂಬ ಪ್ರಚಲಿತ ಸಲಹೆ, ಎಷ್ಟೇ ಸದುದ್ದೇಶದ್ದಾಗಿದ್ದರೂ, ಈ ರೂಢಿಯ ಅತಿ ದೊಡ್ಡ ದೋಷ. ಎರಡನ್ನೂ ದಪ್ಪ ವಾಹಕದಿಂದ ಬೆಸೆದು, ಕೇಬಲ್ ಮನೆಯೊಳಗೆ ಬರುವೆಡೆಯಲ್ಲೇ ಅದರ ಹೊರಕವಚವನ್ನೂ ಸರ್ಜ್ ಅರೆಸ್ಟರನ್ನೂ, ಅಂದರೆ ಮಿತಿಮೀರಿದ ವೋಲ್ಟೇಜನ್ನು ನೆಲಕ್ಕೆ ತಿರುಗಿಸುವ ಸಾಧನವನ್ನೂ, ಒಂದೇ ಲೋಹದ ಫಲಕಕ್ಕೆ ಜೋಡಿಸಿದಾಗ ಎಲ್ಲದರ ವಿಭವವೂ ಹೆಚ್ಚುಕಡಿಮೆ ಒಟ್ಟಿಗೇ ಏರಿಳಿಯುತ್ತದೆ, ಉಪಕರಣದೊಳಗೆ ಹರಿಯುವ ಪ್ರವಾಹ ಬಹುಪಾಲು ತಗ್ಗುತ್ತದೆ.

ಓಮ್ ಲೆಕ್ಕ ಮರೆಮಾಡುವ ಇನ್ನೊಂದು ಸಂಗತಿ ಪ್ರೇರಕತ್ವ, ಎಂದರೆ ಪ್ರವಾಹದ ಹಠಾತ್ ಬದಲಾವಣೆಯನ್ನು ವಾಹಕವು ತಡೆಯುವ ಗುಣ. ನೇರ ತಂತಿಯಲ್ಲಿ ಇದು ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ. ಪ್ರವಾಹವು ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ವೇಗದಲ್ಲಿ ಏರಿದರೆ ಪ್ರತಿ ಮೀಟರಿಗೂ 10,000 ವೋಲ್ಟ್ ಹುಟ್ಟುತ್ತದೆ. ಉಳಿದ ತಂತಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಗೋಪುರದ ಕಾಲಿಗೆ ಕಟ್ಟಿಡುವ ಅಭ್ಯಾಸ ಈ ಕಾರಣಕ್ಕೇ ಸಲ್ಲದು. ಗಿಡ್ಡದಾದ, ಅಗಲವಾದ, ಚೂಪು ಬಾಗುಗಳಿಲ್ಲದ ಪಟ್ಟಿಯೇ ಲೇಸು.

ಉಪ್ಪು ರೋಧವನ್ನು ತಗ್ಗಿಸುವುದು ನಿಜ, ಆದರೆ ಮಳೆಗಾಲಗಳಲ್ಲಿ ಕೊಚ್ಚಿಹೋಗುತ್ತದೆ, ಇರುವಷ್ಟು ಕಾಲ ಪೈಪನ್ನು ತಿನ್ನುತ್ತದೆ. ಗೋಪುರದ ಸತು ಲೇಪಿತ ಕಾಲಿಗೆ ತಾಮ್ರವನ್ನು ನೇರವಾಗಿ ಬಿಗಿದರೆ ತೇವದಲ್ಲಿ ಸತು ಕರಗುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲ್ ತಗಡು ಇಡಬೇಕು.

ಬಂಡೆಯ ನೆಲದಲ್ಲಿ ಉದ್ದದ ಸರಳು ಇಳಿಯದು. ಅಂಥಲ್ಲಿ ಗೋಪುರದ ಬುಡದಿಂದ ಹಲವು ದಿಕ್ಕಿಗೆ ಚಾಚಿದ ಪಟ್ಟಿಗಳನ್ನು ಆಳವಿಲ್ಲದ ಕಾಲುವೆಗಳಲ್ಲಿ ಹೂಳುವುದು ಸೂಕ್ತ. ಅಡಿಪಾಯದ ಕಾಂಕ್ರೀಟಿನೊಳಗಿನ ಉಕ್ಕಿನ ಕಂಬಿಗಳನ್ನೇ ಅರ್ಥ್ ಆಗಿ ಬಳಸುವ ವಿಧಾನವೂ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹರ್ಬರ್ಟ್ ಯೂಫರ್ ಎಂಬ ಎಂಜಿನಿಯರ್ ಅಮೆರಿಕದ ಅರಿಜೋನಾದ ಒಣನೆಲದಲ್ಲಿ ಇದನ್ನು ರೂಪಿಸಿದರು. ಆದರೆ ಕಂಬಿಗಳ ಜೋಡಣೆ ಕಾಂಕ್ರೀಟು ಸುರಿಯುವ ಮೊದಲೇ ಆಗಬೇಕು.