ಅಂಕಗಳ ಸುರಿಮಳೆಯಲ್ಲಿ ಕಣ್ಣು ಎಲ್ಲಿರಬೇಕು?

ಜಾರ್ಜಿಯ 54, ಒಕ್ಲಹೋಮ 48. ಕ್ಯಾಲಿಫೋರ್ನಿಯದ ಪಾಸಡೀನಾದಲ್ಲಿ 2018ರ ಜನವರಿ 1ರಂದು ನಡೆದ ರೋಸ್ ಬೌಲ್ ಪಂದ್ಯದ ಫಲಿತಾಂಶವಿದು. 1902ರಲ್ಲಿ ಮೊದಲು ಆಡಿದ ಈ ಪಂದ್ಯ ಅಲ್ಲಿಯವರೆಗೆ ಒಮ್ಮೆಯೂ ಓವರ್‌ಟೈಮ್‌ಗೆ ಹೋಗಿರಲಿಲ್ಲ. ಅಂದು ಎರಡು ಓವರ್‌ಟೈಮ್ ಆಡಬೇಕಾಯಿತು. ಅಮೆರಿಕದ ಕಾಲೇಜು ಫುಟ್‌ಬಾಲಿನ ರುಚಿ ಹತ್ತಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಂದ್ಯ ಸಿಗುವುದು ಕಷ್ಟ.

ನಿಯಮ ಇಷ್ಟು ಗೊತ್ತಿದ್ದರೆ ಸಾಕು. ಚೆಂಡು ಕೈಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು. ಗೋಲ್ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ; ಅದರ ಬೆನ್ನಿಗೆ ಒದೆಯುವ ಹೆಚ್ಚುವರಿ ಒದೆತಕ್ಕೆ ಇನ್ನೊಂದು. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ.

ಋತುವಿಡೀ ಹೆಚ್ಚಾಗಿ ತಮ್ಮ ಕಾನ್ಫರೆನ್ಸ್ ಎಂಬ ಗುಂಪಿನ ಒಳಗೇ ಆಡುವ ತಂಡಗಳು ಋತುವಿನ ಕೊನೆಯ ಬೌಲ್ ಪಂದ್ಯಗಳಲ್ಲಿ ಹೊರಗಿನವರಿಗೆ ಎದುರಾಗುತ್ತವೆ. ಸೊಗಸು ಇರುವುದೇ ಅಲ್ಲಿ. ಎಸ್‌ಇಸಿ ಕಾನ್ಫರೆನ್ಸಿನ ಜಾರ್ಜಿಯಕ್ಕೆ ಡಿಫೆನ್ಸ್ ಮತ್ತು ಓಟದ ಬಲ. ಆಗ ಬಿಗ್ 12 ಕಾನ್ಫರೆನ್ಸಿನಲ್ಲಿದ್ದ ಒಕ್ಲಹೋಮಕ್ಕೆ ಆ ಋತುವಿನ ಅತ್ಯುತ್ತಮ ಆಟಗಾರನ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್.

ಹೊಸಬರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಪ್ರತಿ ಅವಕಾಶ ಶುರುವಾಗುವಾಗ ಮೊದಲ ಎರಡು ಸೆಕೆಂಡು ಚೆಂಡನ್ನು ಮರೆತು, ಮುಂದಿನ ಸಾಲಿನ ದಢೂತಿ ಆಳುಗಳನ್ನು ನೋಡಬೇಕು. ಯಾರು ಯಾರನ್ನು ಹಿಂದಕ್ಕೆ ತಳ್ಳಿದರು? ಓಟಗಾರನಿಗೆ ದಾರಿ ತೆರೆಯುವುದು ಅಲ್ಲೇ. ಮೊದಲರ್ಧದಲ್ಲಿ ಒಕ್ಲಹೋಮದ ಸಾಲು ಜಾರ್ಜಿಯದ ಹೆಸರಾಂತ ಡಿಫೆನ್ಸನ್ನೇ ಒಡೆಯಿತು.

ಅರ್ಧವಿರಾಮಕ್ಕೆ ಇನ್ನು 6 ಸೆಕೆಂಡು. ಪಾಸ್ ಎಸೆಯಬೇಕಾದ ಮೇಫೀಲ್ಡ್ ತಾನೇ ಪಾಸ್ ಹಿಡಿದು ಟಚ್‌ಡೌನ್ ಮಾಡಿದ, 31-14. ಅಂಕದ ನಂತರ ಚೆಂಡನ್ನು ಎದುರಾಳಿಗೆ ಒದ್ದು ಕೊಡುವಾಗ, ಅವರಿಗೆ ಓಡಲು ಅವಕಾಶ ಸಿಗಬಾರದೆಂದು ಒಕ್ಲಹೋಮ ಗಿಡ್ಡಕ್ಕೆ ಒದ್ದಿತು. ಜಾರ್ಜಿಯ ಅದನ್ನು ಮೈದಾನದ ನಡುವೆಯೇ ಹಿಡಿಯಿತು, ಒಂದು ಚಿಕ್ಕ ಪಾಸ್ ಮಾಡಿತು. ದಪ್ಪ ಕನ್ನಡಕದ ರಾಡ್ರಿಗೊ ಬ್ಲ್ಯಾಂಕೆನ್‌ಶಿಪ್ 55 ಗಜದಿಂದ ಒದ್ದು ಮೂರು ಅಂಕ ತಂದ. ನೂರಕ್ಕೂ ಹೆಚ್ಚು ಅಂಕ ಬಂದ ಪಂದ್ಯದಲ್ಲಿ ಈ ಮೂರು ಯಾವ ಲೆಕ್ಕ ಅನ್ನಿಸಬಹುದು. ಆದರೆ ನಾಲ್ಕೂ ಕ್ವಾರ್ಟರ್ ಮುಗಿದಾಗ ಸ್ಕೋರು 45-45! ದೊಡ್ಡ ಮೊತ್ತದ ಪಂದ್ಯದಲ್ಲಿ ಸಣ್ಣ ಅಂಕಗಳ ಬೆಲೆ ಇಳಿಯುವುದಿಲ್ಲ, ಏರುತ್ತದೆ.

ಮೂರನೇ ಕ್ವಾರ್ಟರಿನಲ್ಲಿ ಅದೇ ಮುಂದಿನ ಸಾಲನ್ನು ಮತ್ತೆ ನೋಡಿ. ಈಗ ಒಕ್ಲಹೋಮದವರು ಹಿಂದೆ ಸರಿಯುತ್ತಿದ್ದಾರೆ. ಜಾರ್ಜಿಯದ ನಿಕ್ ಚಬ್ 50 ಗಜ ಓಡಿದ, ಸೋನಿ ಮಿಶೆಲ್ 38 ಗಜ. ಎರಡೂ ಟಚ್‌ಡೌನ್, 31-31. ವೃತ್ತಿಪರ ಲೀಗಿಗೆ ಹೋಗಬಹುದಾಗಿದ್ದ ಇಬ್ಬರೂ ಕಾಲೇಜಿನ ಕೊನೆಯ ವರ್ಷಕ್ಕೆಂದು ಉಳಿದುಕೊಂಡವರು. ಮಿಶೆಲ್ ಅಂದು ಬರೀ 11 ಓಟಗಳಲ್ಲಿ 181 ಗಜ ಸಂಪಾದಿಸಿದ. 10 ಗಜಕ್ಕೆ ನಾಲ್ಕು ಅವಕಾಶ ಕೊಡುವ ಆಟದಲ್ಲಿ ಒಂದೊಂದು ಓಟಕ್ಕೆ 16 ಗಜ!

ನಾಲ್ಕನೇ ಕ್ವಾರ್ಟರಿನಲ್ಲಿ ಅದೇ ಮಿಶೆಲ್ ಕೈಯಿಂದ ಚೆಂಡು ಜಾರಿತು. ಒಕ್ಲಹೋಮದ ಸ್ಟೀವನ್ ಪಾರ್ಕರ್ ಅದನ್ನೆತ್ತಿಕೊಂಡು 46 ಗಜ ಓಡಿ ತಂಡವನ್ನು ಮುಂದಕ್ಕೆ ತಂದ. 55 ಸೆಕೆಂಡು ಉಳಿದಿದ್ದಾಗ ಚಬ್ ಸಮ ಮಾಡಿದ.

ಓವರ್‌ಟೈಮ್‌ನಲ್ಲಿ ಇಬ್ಬರಿಗೂ 25 ಗಜದಿಂದ ಒಂದೊಂದು ಸರದಿ. ಮೊದಲ ಸುತ್ತು 3-3. ಎರಡನೆಯದರಲ್ಲಿ ಒಕ್ಲಹೋಮದ ಫೀಲ್ಡ್ ಗೋಲ್ ಒದೆತವನ್ನು ಜಾರ್ಜಿಯದ ಲೊರೆಂಜೊ ಕಾರ್ಟರ್ ಕೈಚಾಚಿ ತಡೆದ. ಇನ್ನು ಜಾರ್ಜಿಯಕ್ಕೆ ಒಂದು ಫೀಲ್ಡ್ ಗೋಲ್ ಸಿಕ್ಕರೂ ಗೆಲುವು. ಎರಡು ಗಜ ಹಿಂದೆ ಬಿದ್ದ ಮೇಲೆ, ಕ್ವಾರ್ಟರ್‌ಬ್ಯಾಕ್‌ಗೆ ಹೋಗಬೇಕಾದ ಚೆಂಡು ನೇರ ಮಿಶೆಲ್ ಕೈಗೆ ಬಂತು. ಅವನು ಎಡಕ್ಕೆ ತಿರುಗಿ 27 ಗಜ ಓಡಿ ಗೆರೆ ದಾಟಿದ.

ಇಡೀ ಪಂದ್ಯ ನೋಡಲು ಪುರುಸೊತ್ತಿಲ್ಲದವರು ಅರ್ಧವಿರಾಮದ ಹಿಂದಿನ ನಿಮಿಷದಿಂದ ಮೂರನೇ ಕ್ವಾರ್ಟರ್ ಮುಗಿಯುವವರೆಗೆ ನೋಡಲಿ. ಪ್ರತಿ ಓಟವನ್ನೂ ಎರಡು ಸಲ, ಒಮ್ಮೆ ಓಟಗಾರನಿಗಾಗಿ, ಇನ್ನೊಮ್ಮೆ ದಾರಿ ಬಿಡಿಸಿದವರಿಗಾಗಿ.