ಲಂಗರ್: ಚಾಪೆಯ ಮೇಲಿನ ಸಮಾನತೆ

ಅಮೃತಸರದ ಸ್ವರ್ಣಮಂದಿರ, ಅಂದರೆ ಹರಿಮಂದಿರ ಸಾಹಿಬ್‌ನ ಲಂಗರ್ (ಎಲ್ಲರಿಗೂ ಬಡಿಸುವ ಉಚಿತ ಸಾಮೂಹಿಕ ಊಟ) ಬಗ್ಗೆ ಬರೆಯುವವರು ಅಂಕಿಗಳಿಂದಲೇ ಶುರುಮಾಡುತ್ತಾರೆ: ದಿನಕ್ಕೆ 50,000ಕ್ಕೂ ಹೆಚ್ಚು ಜನ, ಹಬ್ಬದಲ್ಲಿ ಲಕ್ಷ, ದೈತ್ಯ ಕಡಾಯಿಗಳು, ರೊಟ್ಟಿ ಮಾಡುವ ಯಂತ್ರ. ಈ ಬೆರಗಿನಲ್ಲಿ ಮುಖ್ಯವಾದದ್ದೇ ಮರೆಯಾಗುತ್ತದೆ. ಉಚಿತ ಊಟ ನಮ್ಮ ಕ್ಷೇತ್ರಗಳಲ್ಲೂ ಧಾರಾಳ. ಹೊಟ್ಟೆ ತುಂಬ ಅನ್ನ ಹಾಕಿಯೂ ಪಂಕ್ತಿಭೇದ ಉಳಿಸಿಕೊಳ್ಳುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಿಲ್ಲ.

ಲಂಗರಿನ ಹೆಚ್ಚುಗಾರಿಕೆ ಇರುವುದು ನೆಲಕ್ಕೆ ಹಾಸಿದ ಉದ್ದನೆಯ ಚಾಪೆಯಲ್ಲಿ. ಗುರು ನಾನಕರು ಆರಂಭಿಸಿದ ಈ ಊಟವನ್ನು ಗುರು ಅಂಗದರ ಪತ್ನಿ ಮಾತಾ ಖೀವಿ ಬೆಳೆಸಿದರು; ಅವರು ಬಡಿಸುತ್ತಿದ್ದ ತುಪ್ಪದ ಖೀರಿನ ಪ್ರಸ್ತಾಪ ಗುರು ಗ್ರಂಥ ಸಾಹಿಬ್‌ನಲ್ಲೇ ಇದೆ. ಗೋಯಿಂದವಾಲ್‌ನಲ್ಲಿ ಮೂರನೆಯ ಗುರು ಅಮರದಾಸರು, ಮೊದಲು ಪಂಗತ್‌ನಲ್ಲಿ (ಎಲ್ಲರೊಂದಿಗೆ ಒಂದೇ ಸಾಲಿನಲ್ಲಿ) ಕೂತು ಉಣ್ಣಬೇಕು, ಗುರುವಿನ ಭೇಟಿ ಆಮೇಲೆ ಎಂದು ಕಟ್ಟುಮಾಡಿದರು. ಅಕ್ಬರನೂ ಹಾಗೇ ಕೂತನೆಂದು ಸಿಖ್ಖರ ಪರಂಪರೆ ಹೇಳುತ್ತದೆ.

ದಾಲ್ ಬಕೆಟ್ಟಿನಲ್ಲಿ ಬರುತ್ತದೆ. ರೊಟ್ಟಿಗೆ ಅಲ್ಲಿ ‘ಪರಶಾದಾ’ ಎನ್ನುತ್ತಾರೆ. ಅದನ್ನು ಎರಡೂ ಕೈ ಚಾಚಿ ಇಸಿದುಕೊಳ್ಳಬೇಕು. ಕಾರಿನಲ್ಲಿ ಬಂದವನಿಗೂ ಅದೇ ಭಂಗಿ. ಕಂಡವರ ಎಂಜಲು ತಟ್ಟೆ ತೊಳೆಯುವುದೂ ಅಲ್ಲಿ ಸೇವೆ. ಎಂಜಲಿನ ಮೇಲೇ ಜಾತಿ ಕಟ್ಟಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದೇ ಕೆಲಸ ಶಿಕ್ಷೆಯೂ ಹೌದು: 2024ರ ಡಿಸೆಂಬರ್‌ನಲ್ಲಿ ಸಿಖ್ಖರ ಸರ್ವೋಚ್ಚ ಧಾರ್ಮಿಕ ಪೀಠವಾದ ಅಕಾಲ್ ತಖ್ತ್, ಅಕಾಲಿ ದಳದ ನಾಯಕ ಸುಖಬೀರ್ ಸಿಂಗ್ ಬಾದಲ್ ಅವರಿಗೆ ವಿಧಿಸಿದ ಪ್ರಾಯಶ್ಚಿತ್ತದಲ್ಲಿ ಪಾತ್ರೆ ತೊಳೆಯುವುದೂ ಸೇರಿತ್ತು. ಅದು ಕೀಳು ಕೆಲಸವೆಂಬ ಹಳೆಯ ಎಣಿಕೆ ಪೂರ್ತಿ ಹೋಗಿಲ್ಲವೇನೋ ಎಂಬ ಅನುಮಾನ ನನ್ನದು.

ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. 1920ರ ಅಕ್ಟೋಬರ್‌ನಲ್ಲಿ ದಲಿತ ಸಿಖ್ಖರು ತಂದ ಕಡಾಹ್ ಪ್ರಸಾದವನ್ನು (ಗೋಧಿಹಿಟ್ಟಿನ ಸಿಹಿ ಪ್ರಸಾದ) ಇದೇ ಹರಿಮಂದಿರದ ಅರ್ಚಕರು ಮೊದಲು ಮುಟ್ಟಲೊಪ್ಪಲಿಲ್ಲ. ಆ ಜಗಳದ ಬೆನ್ನಿಗೇ ಗುರುದ್ವಾರಗಳ ಆಡಳಿತ ನೋಡುವ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಹುಟ್ಟಿತು. ಅರ್ಚಕರ ಕಾಲ ಮುಗಿಯಿತು, ಜಾತಿ ಮುಗಿಯಲಿಲ್ಲ. ಪಂಜಾಬಿನ ಎಷ್ಟೋ ಹಳ್ಳಿಗಳಲ್ಲಿ ಭೂಮಾಲೀಕ ಜಾಟರಿಗೊಂದು, ದಲಿತರಿಗೊಂದು ಗುರುದ್ವಾರ, ಸುಡುಗಾಡೂ ಬೇರೆ. 2011ರ ಜನಗಣತಿಯಂತೆ ಅಲ್ಲಿ ಪರಿಶಿಷ್ಟ ಜಾತಿಯವರು ಸುಮಾರು 32%. ಲಂಗರಿನ ಗೋಧಿ ಬೆಳೆಯುವ ಹೊಲಗಳಲ್ಲಿ ಅವರ ಪಾಲು ತೀರಾ ಅಲ್ಪ. ಒಂದೇ ಸಾಲಿನಲ್ಲಿ ಉಣ್ಣುವುದು ಹೊಲ ಹಂಚಿಕೊಳ್ಳುವುದಕ್ಕಿಂತ ಸುಲಭ.

ಇಷ್ಟಾದರೂ, ನಾನು ಬಲ್ಲ ಧಾರ್ಮಿಕ ಊಟಗಳಲ್ಲೆಲ್ಲ ಲಂಗರೇ ಮೇಲು. ಬೀದರಿನ ಗುರುನಾನಕ ಝೀರಾದಲ್ಲೂ ಅದು ನಡೆಯುತ್ತದೆ, ಯಾವ ಜಾತಿಯವರೂ ಹೋಗಿ ಕೂರಬಹುದು. ಹೋದವರು ಉಂಡು ಎದ್ದುಬರದೆ, ಪಾತ್ರೆ ತೊಳೆಯುವಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಿ.