ಕೈ ಹಚ್ಚುವ ಮೊದಲು ಕಣ್ಣಾಡಿಸುವ ರಿಪೇರಿಗಾರ

ಚಿಂತಾಕಿಯ ಮನೆಯಲ್ಲಿ ಡೆಸ್ಕ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಮದುವೆಯ ಫೋಟೊ ಇಳಿಸುತ್ತಿದ್ದಾಗ ಕರೆಂಟು ಹೋಯಿತು. ಆಮೇಲೆ ಡ್ರೈವ್ ತೆರೆಯಲೇ ಇಲ್ಲ. ವಿಂಡೋಸ್ ಇರುವ ಕಡೆ ಹಾಕಿ ನೋಡು ಎಂದರು ಎಲ್ಲರೂ. ನನ್ನದು ಲಿನಕ್ಸ್. ಇಷ್ಟಕ್ಕೇ ವಿಂಡೋಸ್ ಹುಡುಕಿಕೊಂಡು ಔರಾದ ಬಸ್ ಹತ್ತಬೇಕೆ?

ಬೇಕಾಗಲಿಲ್ಲ. ಡ್ರೈವನ್ನು ಅನ್‌ಮೌಂಟ್ ಮಾಡಿ ‘ಎಫ್‌ಎಸ್‌ಸಿಕೆ.ಫ್ಯಾಟ್’ ಎಂಬ ರಿಪೇರಿ ಉಪಕರಣ ಓಡಿಸಿದೆ. ‘-ಎನ್’ ಸೇರಿಸಿದರೆ ಅದು ಏನನ್ನೂ ಬದಲಿಸದೆ ಬರೀ ನೋಡಿ ಹೇಳುತ್ತದೆ. ಆ ಸಂಕೋಚವೇ ನನಗೆ ಇಷ್ಟ. ಯಾವ ಫೈಲು ಎಲ್ಲೆಲ್ಲಿ ಹರಡಿದೆ ಎಂಬ ಪಟ್ಟಿಯನ್ನು ಫ್ಯಾಟ್ ಎಂಬ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಎರಡು ಪ್ರತಿ ಇಟ್ಟಿರುತ್ತದೆ. ಈ ಉಪಕರಣ ಎರಡನ್ನೂ ತಾಳೆ ನೋಡುತ್ತದೆ. ‘-ಎಫ್’ ಕೊಟ್ಟರೆ ವಾರಸುದಾರರಿಲ್ಲದ ತುಂಡುಗಳನ್ನೂ ಬಿಸಾಡದೆ ಫೈಲಾಗಿ ಎತ್ತಿಡುತ್ತದೆ. ಎಕ್ಸ್‌ಫ್ಯಾಟ್‌ಗೂ ಇಂಥದೇ ಉಪಕರಣವಿದೆ, 2019ರ 5.4 ಕರ್ನಲ್‌ನಿಂದ ಲಿನಕ್ಸ್ ತಾನೇ ಆ ಫೈಲ್ ವ್ಯವಸ್ಥೆಯನ್ನು ಓದಬಲ್ಲದು.

ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಮಾತು ಬೇರೆ. ‘ಎನ್‌ಟಿಎಫ್‌ಎಸ್‌ಫಿಕ್ಸ್’ ಸಣ್ಣಪುಟ್ಟ ದೋಷ ತಿದ್ದಿ, ಮುಂದಿನ ತಪಾಸಣೆಯನ್ನು ವಿಂಡೋಸ್‌ಗೇ ಬಿಟ್ಟುಕೊಡುತ್ತದೆ. ಪೂರ್ತಿ ರಿಪೇರಿಗೆ ವಿಂಡೋಸ್‌ನ ಚೆಕ್‌ಡಿಸ್ಕೇ ಬೇಕು, ಒಪ್ಪಿಕೊಳ್ಳೋಣ.

ಒಂದು ಮಾತು: ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಇವು ಯಾವುದನ್ನೂ ಓಡಿಸಬೇಡಿ.